ಬಳಗ ಬಿಡದೆ ಮನೆಗೆ ಮರಳುವುದು ಹೇಗೆ?

ರಾತ್ರಿ ಹನ್ನೊಂದೂವರೆ. ನಮ್ಮ ಗಿಡ ಬೆಳೆಸುವವರ ಆನ್‌ಲೈನ್ ಗುಂಪಿನಲ್ಲಿ ಯಾರೋ ಗುಲಾಬಿ ಎಲೆಯ ಫೋಟೊ ಹಾಕಿ, ‘ಈ ಕಪ್ಪು ಚುಕ್ಕೆ ಏನು? ಗಿಡ ಉಳಿಯುತ್ತಾ?’ ಎಂದು ಕೇಳಿದ್ದರು. ನನಗೆ ಗೊತ್ತಿದ್ದ ವಿಷಯ. ಇದು ಶಿಲೀಂಧ್ರದಿಂದ ಬರುವ ರೋಗ, ಚುಕ್ಕೆ ಬಿದ್ದ ಎಲೆಗಳನ್ನು ಕಿತ್ತು ದೂರ ಹಾಕಿ, ಎಲೆ ನೆನೆಯದ ಹಾಗೆ ಬುಡಕ್ಕಷ್ಟೇ ನೀರು ಕೊಡಿ ಎಂದು ಬರೆದೆ. ಎರಡು ನಿಮಿಷದ ಕೆಲಸ. ಅಷ್ಟರಲ್ಲಿ ಇನ್ನೊಬ್ಬರು ‘ರೋಗವೂ ಇಲ್ಲ ಏನೂ ಇಲ್ಲ, ಗೊಬ್ಬರ ಜಾಸ್ತಿಯಾಗಿದೆ’ ಎಂದರು. ಅವರಿಗೂ ಉತ್ತರ ಕೊಟ್ಟೆ. ಅವರು ಮತ್ತೆ ಬರೆದರು. ಒಂದು ಗಂಟೆಗೆ ಮಲಗಿದಾಗಲೂ ಆ ಎಲೆ ತಲೆಯಲ್ಲೇ ಇತ್ತು.

ಬೆಳಿಗ್ಗೆ ಮಗಳು ಶಾಲೆಯ ನಾಟಕದ ಮಾತುಗಳನ್ನು ಒಪ್ಪಿಸುತ್ತಿದ್ದಳು. ನಾನು ಎದುರಿಗೇ ಕೂತು ಹ್ಞೂಂಗುಟ್ಟುತ್ತಿದ್ದೆ. ಅವಳು ಥಟ್ಟನೆ ನಿಲ್ಲಿಸಿದಳು. ‘ಅಮ್ಮಾ, ನಾನು ಎರಡು ಸಾಲು ಬಿಟ್ಟು ಮುಂದೆ ಹೋದೆ. ನಿನಗೆ ಗೊತ್ತೇ ಆಗಲಿಲ್ಲ.’

ಆಗ ನನ್ನ ಕೈಯಲ್ಲಿ ಫೋನ್ ಇರಲಿಲ್ಲ. ಅದು ಇನ್ನೊಂದು ಕೋಣೆಯಲ್ಲಿ ಚಾರ್ಜ್ ಆಗುತ್ತಿತ್ತು.

ಆನ್‌ಲೈನ್ ಗುಂಪುಗಳ ವಿಷಯ ಬಂದಾಗ ಎಲ್ಲರೂ ನಿಮಿಷಗಳ ಲೆಕ್ಕ ಹಾಕುತ್ತಾರೆ. ಅದು ಬೇಕಾದ ಲೆಕ್ಕವೇ. ಆದರೆ ಗುಂಪು ನಮ್ಮಿಂದ ತೆಗೆದುಕೊಳ್ಳುವುದು ಅಲ್ಲಿ ಕಳೆದ ಹೊತ್ತಿನ ಜೊತೆಗೆ ಅಲ್ಲಿಂದ ಎದ್ದು ಬಂದ ಮೇಲಿನ ಹೊತ್ತನ್ನೂ. ಸೋಫಿ ಲೆರಾಯ್ ಎಂಬ ಸಂಶೋಧಕಿ 2009ರಲ್ಲಿ ಇದಕ್ಕೊಂದು ಹೆಸರಿಟ್ಟರು. ಕನ್ನಡದಲ್ಲಿ ‘ಗಮನದ ಉಳಿಕೆ’ ಎನ್ನಬಹುದು. ಒಂದು ಕೆಲಸವನ್ನು ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಕೈಹಾಕಿದರೆ ಮನಸ್ಸಿನ ಒಂದು ಪಾಲು ಹಿಂದಿನದರಲ್ಲೇ ಉಳಿದುಬಿಡುತ್ತದೆ. ಗುಂಪಿನ ಮಾತುಕತೆ ಮುಗಿಯುವುದೇ ಇಲ್ಲವಾದ್ದರಿಂದ ಅಲ್ಲಿಂದ ಯಾವಾಗ ಎದ್ದರೂ ಅರ್ಧಕ್ಕೇ ಎದ್ದ ಹಾಗೆ. ಕೆಳಗೆ ಬರೆದಿರುವುದೆಲ್ಲ ಈ ಅರ್ಧ ಮಾತುಗಳನ್ನು ಕಡಿಮೆ ಮಾಡಿಕೊಳ್ಳುವ ದಾರಿ.

ಮೊದಲ ವಾರ ಏನನ್ನೂ ಬದಲಿಸಬೇಡಿ, ಬರೆದಿಡಿ

ಐಫೋನ್‌ನಲ್ಲಿ ‘ಸ್ಕ್ರೀನ್ ಟೈಮ್’, ಆಂಡ್ರಾಯ್ಡ್‌ನಲ್ಲಿ ‘ಡಿಜಿಟಲ್ ವೆಲ್‌ಬೀಯಿಂಗ್’ ಎಂಬ ವ್ಯವಸ್ಥೆ 2018ರಿಂದ ಇದೆ. ಸೆಟ್ಟಿಂಗ್ಸ್‌ಗೆ ಹೋದರೆ ಸಿಗುತ್ತದೆ. ಯಾವ ಆ್ಯಪ್‌ನಲ್ಲಿ ಎಷ್ಟು ಹೊತ್ತು ಇದ್ದಿರಿ ಎಂಬುದನ್ನು ತೋರಿಸುವುದರ ಜೊತೆಗೆ ದಿನಕ್ಕೆ ಎಷ್ಟು ಸಲ ಫೋನ್ ಕೈಗೆತ್ತಿಕೊಂಡಿರಿ, ಎಷ್ಟು ಸಲ ಲಾಕ್ ತೆಗೆದಿರಿ ಎಂಬುದನ್ನೂ ತೋರಿಸುತ್ತದೆ. ನನ್ನ ಮಟ್ಟಿಗೆ ಈ ಎರಡನೆಯ ಸಂಖ್ಯೆಯೇ ಮುಖ್ಯ. ಒಂದೇ ಸಲ ಕೂತು ಕಳೆದ ಒಂದು ಗಂಟೆಗಿಂತ ಎರಡೆರಡು ನಿಮಿಷದ ಮೂವತ್ತು ಇಣುಕುಗಳು ದಿನವನ್ನು ಹೆಚ್ಚು ಚೂರು ಮಾಡುತ್ತವೆ.

ಇದರ ಜೊತೆಗೆ ಚಿಕ್ಕದೊಂದು ಪುಸ್ತಕ ಇಟ್ಟುಕೊಳ್ಳಿ. ಗುಂಪು ತೆರೆದಾಗಲೆಲ್ಲ ಒಂದೇ ಪದ ಬರೆಯಿರಿ: ಕೇಳಲು ಹೋದದ್ದಾದರೆ ‘ಕೇಳಲು’, ಯಾರಿಗೋ ಉತ್ತರ ಕೊಡಲು ಹೋದದ್ದಾದರೆ ‘ಹೇಳಲು’, ಯಾವ ಕಾರಣವೂ ಇಲ್ಲದಿದ್ದರೆ ‘ಸುಮ್ಮನೆ’. ನನ್ನ ಮೊದಲ ವಾರದ ಪುಟದಲ್ಲಿ ಕೇಳಲು 3, ಹೇಳಲು 22, ಸುಮ್ಮನೆ 41. ಆ ನಲವತ್ತೊಂದನ್ನು ಕಂಡು ಬಹಳ ಹೊತ್ತು ಸುಮ್ಮನೆ ಕೂತಿದ್ದೆ.

ಇದಕ್ಕೆ ನಿಮ್ಮನ್ನು ನೀವೇ ಬೈದುಕೊಳ್ಳಬೇಡಿ. ‘ಸುಮ್ಮನೆ’ ಹೋಗುವುದಕ್ಕೂ ಕಾರಣವಿದೆ. ಗುಂಡಿ ಒತ್ತಿದರೆ ತಿನಿಸು ಸಿಗುವ ಪ್ರಯೋಗಗಳಲ್ಲಿ, ಪ್ರತಿ ಸಲವೂ ಬಹುಮಾನ ಸಿಕ್ಕರೆ ಪ್ರಾಣಿ ಹಸಿವಾದಾಗಷ್ಟೇ ಗುಂಡಿ ಒತ್ತುತ್ತದೆ. ಯಾವಾಗ ಸಿಗುತ್ತದೋ ಹೇಳಲಾಗದಿದ್ದರೆ ಬಿಡದೆ ಒತ್ತುತ್ತಲೇ ಇರುತ್ತದೆ. ಇಂಥ ನಡವಳಿಕೆಗಳನ್ನು ಮನಶ್ಶಾಸ್ತ್ರಜ್ಞರಾದ ಫರ್ಸ್ಟರ್ ಮತ್ತು ಸ್ಕಿನ್ನರ್ 1957ರಷ್ಟು ಹಿಂದೆಯೇ ವಿವರವಾಗಿ ದಾಖಲಿಸಿದ್ದರು. ಗುಂಪಿನಲ್ಲೂ ಹತ್ತು ಸಲ ಇಣುಕಿದರೆ ಒಂದು ಸಲ ನಮ್ಮ ಮಾತಿಗೆ ಮೆಚ್ಚುಗೆಯೋ ಒಳ್ಳೆಯ ಉತ್ತರವೋ ಬಂದಿರುತ್ತದೆ. ಯಾವ ಸಲ ಎಂಬುದು ಮಾತ್ರ ಗೊತ್ತಿರುವುದಿಲ್ಲ. ಅದರ ಮೇಲೆ, ಕೆಳಕ್ಕೆ ಸರಿಸಿದಷ್ಟೂ ಮುಗಿಯದ ಪುಟ ಬೇರೆ. ಇದನ್ನು 2006ರಲ್ಲಿ ರೂಪಿಸಿದ ಏಜಾ ರಾಸ್ಕಿನ್ ಅವರೇ ಮುಂದೆ ಅದರ ಬಗ್ಗೆ ಬಹಿರಂಗವಾಗಿ ವಿಷಾದ ಹೇಳಿಕೊಂಡಿದ್ದಾರೆ. ಪುಟ ಮುಗಿದರೆ ಕೈ ತಾನಾಗಿ ನಿಲ್ಲುತ್ತದೆ. ಮುಗಿಯದ ಪುಟಕ್ಕೆ ಕೊನೆಯನ್ನು ನಾವೇ ಹಾಕಬೇಕು.

ಎಲ್ಲ ಗುಂಪಿಗೂ ಒಂದೇ ಪಾಲು ಬೇಡ

ನೀವಿರುವ ಗುಂಪುಗಳನ್ನೆಲ್ಲ ಪಟ್ಟಿ ಮಾಡಿ. ಒಂದೋ ಎರಡೋ ಗುಂಪಿನಲ್ಲಿ ಮಾತ್ರ ನೀವು ಬರೆಯುವವರಾಗಿರಿ, ಇನ್ನೊಂದೆರಡರಲ್ಲಿ ಓದುವವರಾಗಿರಿ. ಮಿಕ್ಕವನ್ನು ಮ್ಯೂಟ್ ಮಾಡಿ ಅಥವಾ ಬಿಟ್ಟುಬಿಡಿ. ವಾಟ್ಸ್‌ಆ್ಯಪ್ ಗುಂಪು ಬಿಟ್ಟರೆ ಎಲ್ಲರಿಗೂ ಗೊತ್ತಾಗುತ್ತದೆಂಬ ಮುಜುಗರ ಹಲವರಿಗಿದೆ. 2022ರಲ್ಲಿ ಬಂದ ಬದಲಾವಣೆಯಿಂದಾಗಿ ಈಗ ನೀವು ಹೊರಬಂದರೆ ಅಡ್ಮಿನ್‌ಗಳಿಗಷ್ಟೇ ಸೂಚನೆ ಹೋಗುತ್ತದೆ.

ಹೆಚ್ಚು ಬರೆಯುವವರಿಗೆ ಒಂದು ಮಾತು. ಜಾಲತಾಣ ಬಳಕೆಯ ತಜ್ಞ ಯಾಕೋಬ್ ನೀಲ್ಸನ್ 2006ರಲ್ಲಿ ಒಂದು ಸ್ಥೂಲ ಲೆಕ್ಕ ಕೊಟ್ಟಿದ್ದರು: ಇಂಥ ಬಳಗಗಳಲ್ಲಿ ನೂರಕ್ಕೆ 90 ಜನ ಬರೀ ಓದುತ್ತಾರೆ, 9 ಜನ ಆಗೀಗ ಬರೆಯುತ್ತಾರೆ, ಬಹುಪಾಲು ಬರವಣಿಗೆ ಉಳಿದ ಒಬ್ಬರದು. ಆ ಒಬ್ಬರು ನೀವಾಗಿದ್ದರೆ ಬರುವ ಪ್ರಶ್ನೆಗಳೆಲ್ಲ ನಿಮ್ಮ ಹೆಗಲಿಗೇ ಬಿದ್ದಂತೆ ಅನಿಸುವುದು ಸಹಜ. ಆದರೆ ನೀವು ಒಂದು ಸಂಜೆ ಕೈಕಟ್ಟಿ ಕೂತು ನೋಡಿ, ಆ ಒಂಬತ್ತು ಮಂದಿಯಲ್ಲಿ ಯಾರೋ ಒಬ್ಬರು ಉತ್ತರ ಬರೆದಿರುತ್ತಾರೆ. ನಾವು ಮೊದಲೇ ಓಡಿಹೋಗಿ ಹೇಳಿಬಿಡುವುದರಿಂದಲೇ ಎಷ್ಟೋ ಮಂದಿ ಬಾಯಿ ತೆರೆಯುವುದಿಲ್ಲ. ಇದು ನಾನು ತಡವಾಗಿ ಕಲಿತದ್ದು.

ಹೊತ್ತು ಗೊತ್ತು ಮಾಡಿ, ಅದಕ್ಕೊಂದು ಗೋಡೆ ಇರಲಿ

‘ಇನ್ನು ಮೇಲೆ ಕಡಿಮೆ ಮಾಡುತ್ತೇನೆ’ ಎಂಬ ನಿರ್ಧಾರ ಎರಡು ದಿನವೂ ಬಾಳುವುದಿಲ್ಲ. ಮನಶ್ಶಾಸ್ತ್ರಜ್ಞ ಪೀಟರ್ ಗೊಲ್ವಿಟ್ಸರ್ 1999ರ ತಮ್ಮ ಬರಹದಲ್ಲಿ ತೋರಿಸಿದಂತೆ, ‘ಇಂಥ ಹೊತ್ತು ಬಂದರೆ ಇಂಥದ್ದು ಮಾಡುತ್ತೇನೆ’ ಎಂದು ಮೊದಲೇ ಕಟ್ಟಿಟ್ಟುಕೊಂಡ ಸಂಕಲ್ಪ ಹೆಚ್ಚು ಕೈಗೂಡುತ್ತದೆ. ಹಾಗಾಗಿ ವಾಕ್ಯವನ್ನು ಹೀಗೆ ಕಟ್ಟಿ: ‘ಸಂಜೆ ಕೆಲಸ ಮುಗಿಸಿ ಬಂದು ಕೈಕಾಲು ತೊಳೆದ ಮೇಲೆ, ಕುರ್ಚಿಯಲ್ಲಿ ಕೂತು 7ರಿಂದ 7.30ರವರೆಗೆ ಗುಂಪು ನೋಡುತ್ತೇನೆ.’ ಜಾಗವೂ ಅದರಲ್ಲಿರಲಿ. ಹಾಸಿಗೆ ಆ ಜಾಗವಾಗದಿರಲಿ.

ಆಯ್ದ ಹೊತ್ತಿನ ಕೊನೆಗೆ ನೀವು ಎದ್ದೇಳಲೇಬೇಕಾದ ಒಂದು ಕೆಲಸ ಇದ್ದರೆ ಒಳ್ಳೆಯದು. ಮಗುವನ್ನು ಕರೆತರಲು ಹೊರಡುವ ಮುಂಚಿನ ಅರ್ಧ ಗಂಟೆ ಒಳ್ಳೆಯ ಹೊತ್ತು. ಎಲ್ಲರೂ ಮಲಗಿದ ಮೇಲಿನ ರಾತ್ರಿಗೆ ಗೋಡೆಯೇ ಇಲ್ಲ, ಅದು ಬೆಳಗಿನವರೆಗೂ ಚಾಚಿಕೊಂಡಿರುತ್ತದೆ.

ತಂತ್ರಜ್ಞಾನದ ಮಂದಿ ಸೇರುವ ‘ಹ್ಯಾಕರ್ ನ್ಯೂಸ್’ ಎಂಬ ತಾಣ ತನ್ನ ಸದಸ್ಯರಿಗೇ ಇಂಥ ಗೋಡೆಯೊಂದನ್ನು ಕಟ್ಟಿಕೊಟ್ಟಿದೆ. ಅಲ್ಲಿನ ಒಂದು ಸೆಟ್ಟಿಂಗ್ ಆನ್ ಮಾಡಿಕೊಂಡರೆ, ಮೊದಲೇ ಇಟ್ಟ ಅಳತೆಯ ಪ್ರಕಾರ 20 ನಿಮಿಷ ಆದ ಕೂಡಲೇ ತಾಣ ನಿಮ್ಮನ್ನು ಹೊರಗೆ ನಿಲ್ಲಿಸುತ್ತದೆ, ಮುಂದಿನ 180 ನಿಮಿಷ ಒಳಗೆ ಬಿಡುವುದಿಲ್ಲ. ಬೇರೆ ಕಡೆ ಈ ಸೌಲಭ್ಯ ಇಲ್ಲದಿದ್ದರೂ ಫೋನಿನ ಆ್ಯಪ್ ಟೈಮರ್‌ನಿಂದ ಹತ್ತಿರದ ಕೆಲಸ ಮಾಡಿಸಬಹುದು. ಟೈಮರ್ ಮುಗಿದಾಗ ‘ಇನ್ನು 15 ನಿಮಿಷ’ ಎಂದು ಒತ್ತುವ ಅಭ್ಯಾಸ ನಿಮಗಿದ್ದರೆ ಪಾಸ್‌ವರ್ಡ್ ಮನೆಯವರ ಕೈಯಲ್ಲಿರಲಿ.

ಸದ್ದು ಅಡಗಿಸಿ

ಇದು ಐದು ನಿಮಿಷದ ಕೆಲಸ. ವಾಟ್ಸ್‌ಆ್ಯಪ್‌ನಲ್ಲಿ ಗುಂಪನ್ನು 8 ಗಂಟೆ, ಒಂದು ವಾರ ಅಥವಾ ಸದಾಕಾಲಕ್ಕೆ ಮ್ಯೂಟ್ ಮಾಡಬಹುದು. ಆರ್ಕೈವ್ ಮಾಡಿಟ್ಟರೆ ಹೊಸ ಮೆಸೇಜ್ ಬಂದರೂ ಅದು ಮೇಲಕ್ಕೆ ಬಂದು ಕಣ್ಣಿಗೆ ಬೀಳುವುದಿಲ್ಲ. ಗುಂಪು ಮಾತುಕತೆಯ ಇನ್ನೊಂದು ಆ್ಯಪ್ ಡಿಸ್ಕಾರ್ಡ್‌ನಲ್ಲಿ ನಿಮ್ಮ ಹೆಸರು ಹಿಡಿದು ಕರೆದಾಗ ಮಾತ್ರ ಸೂಚನೆ ಬರುವಂತೆ ಇಡಬಹುದು. ಇಷ್ಟು ಸಾಕು.

ವಾದಕ್ಕೆ ಎರಡೇ ಉತ್ತರ

ಇದೇ ಎಲ್ಲಕ್ಕಿಂತ ಕಷ್ಟದ ಹೆಜ್ಜೆ, ಹಾಗಾಗಿ ಸ್ವಲ್ಪ ನಿಂತು ಹೇಳುತ್ತೇನೆ. ಎದುರಿಗೆ ಮುಖ ಕಾಣದಿದ್ದಾಗ ಮನುಷ್ಯ ಎದುರಾಎದುರು ಆಡದ ಮಾತನ್ನೂ ಆಡಿಬಿಡುತ್ತಾನೆ. ಮನಶ್ಶಾಸ್ತ್ರಜ್ಞ ಜಾನ್ ಸುಲರ್ 2004ರಲ್ಲಿ ಇದರ ಕಾರಣಗಳನ್ನು ಬಿಡಿಸಿ ಬರೆದರು: ಹೆಸರು ಮರೆಯಲ್ಲಿರುತ್ತದೆ, ಮುಖ ಕಾಣುವುದಿಲ್ಲ, ಉತ್ತರ ಬರುವುದಕ್ಕೆ ಹೊತ್ತು ಹಿಡಿಯುತ್ತದೆ, ಎದುರಿನವರ ದನಿಯನ್ನು ನಾವೇ ಮನಸ್ಸಿನಲ್ಲಿ ಕಟ್ಟಿಕೊಂಡಿರುತ್ತೇವೆ. ಆ ಕೊನೆಯದನ್ನು ಗಮನಿಸಿ. ಗೊಬ್ಬರ ಜಾಸ್ತಿ ಎಂದವರು ಸೌಮ್ಯವಾಗಿಯೇ ಬರೆದಿದ್ದರೇನೋ. ನಾನು ಓದಿಕೊಂಡದ್ದು ಮಾತ್ರ ಜಬರದಸ್ತಿನ ದನಿಯಲ್ಲಿ.

ಆ ರಾತ್ರಿಯಾದ ಮೇಲೆ ನಾನು ಪಾಲಿಸುತ್ತಿರುವ ಕ್ರಮ ಇದು. ಯಾವುದೇ ಚರ್ಚೆಯಲ್ಲಿ ನನ್ನ ಮಾತನ್ನು ಒಂದು ಸಲ ಹೇಳುತ್ತೇನೆ. ತಪ್ಪು ತಿಳಿದಿದ್ದಾರೆ ಅನಿಸಿದರೆ ಇನ್ನೊಂದು ಸಲ ಬಿಡಿಸಿ ಹೇಳುತ್ತೇನೆ. ಮೂರನೆಯ ಸಲ ಬರೆಯಬೇಕೆನಿಸಿದ್ದನ್ನು ನೋಟ್ಸ್‌ನಲ್ಲಿ ಬರೆದಿಟ್ಟು ಮಾರನೆಯ ದಿನ 7 ಗಂಟೆಗೆ ತೆರೆಯುತ್ತೇನೆ. ಹತ್ತರಲ್ಲಿ ಎಂಟನ್ನು ಕಳಿಸುವ ಅಗತ್ಯವೇ ಉಳಿದಿರುವುದಿಲ್ಲ. ಆದರೆ ಯಾರಾದರೂ ಅಪಾಯಕಾರಿ ಸಲಹೆ ಕೊಟ್ಟಿದ್ದರೆ, ಉದಾಹರಣೆಗೆ ಕೀಟನಾಶಕದ ಅಳತೆ ತಪ್ಪಾಗಿದ್ದರೆ, ಈ ನಿಯಮ ಬದಿಗಿಟ್ಟು ತಕ್ಷಣ ತಿದ್ದಬೇಕು. ಅಲ್ಲಿ ಸುಮ್ಮನಿರುವುದು ತಪ್ಪು.

ಹೊರಡುವಾಗ ಮಾತನ್ನು ಕಟ್ಟಿಟ್ಟು ಹೊರಡಿ. ‘ನನಗೆ ತಿಳಿದಷ್ಟು ಹೇಳಿದ್ದೇನೆ, ನಾಳೆ ಸಂಜೆ ಮತ್ತೆ ನೋಡುತ್ತೇನೆ’ ಎಂಬ ಒಂದು ಸಾಲು ಗುಂಪಿಗೆ. ಇನ್ನೊಂದು ಸಾಲು ನಿಮ್ಮ ಪುಸ್ತಕಕ್ಕೆ: ‘ಗುಲಾಬಿ. ಹೊಸ ಎಲೆಯ ಫೋಟೊ ಕೇಳಬೇಕು.’ ಲೆರಾಯ್ ಅವರು ಥೆರೇಸಾ ಗ್ಲಾಂಬ್ ಜೊತೆ ಸೇರಿ 2018ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಹೇಳುತ್ತದೆ. ಕೆಲಸ ಬಿಟ್ಟೇಳುವ ಮುಂಚೆ ಎಲ್ಲಿಗೆ ನಿಲ್ಲಿಸಿದೆ, ಮರಳಿ ಬಂದಾಗ ಏನು ಮಾಡಬೇಕು ಎಂದು ಒಂದು ನಿಮಿಷ ಬರೆದಿಟ್ಟರೆ ಮುಂದಿನ ಕೆಲಸದಲ್ಲಿ ಮನಸ್ಸು ಚೆನ್ನಾಗಿ ನಿಲ್ಲುತ್ತದೆ. ಕಾಗದ ನೆನಪಿಟ್ಟುಕೊಂಡಿದೆ ಎಂದಾದರೆ ತಲೆ ಅದನ್ನು ಹಿಡಿದುಕೊಂಡು ಕೂರುವುದಿಲ್ಲ. ಈ ಲೇಖನದಲ್ಲಿ ಒಂದೇ ಒಂದನ್ನು ಮಾಡುತ್ತೀರಾದರೆ ಇದನ್ನು ಮಾಡಿ.

ಎರಡೂ ಕಡೆ ಬಾಯಿಬಿಟ್ಟು ಹೇಳಿ

ಫೋನ್ ನೋಡುತ್ತ ಕೂತವರನ್ನು ಕಂಡರೆ ಅವರು ಯಾರಿಗೋ ನೆರವಾಗುತ್ತಿದ್ದಾರೋ ಹೊತ್ತು ಕಳೆಯುತ್ತಿದ್ದಾರೋ ಮನೆಯವರಿಗೆ ಗೊತ್ತಾಗುವುದಿಲ್ಲ. ಹೇಳಿ. ‘ಒಬ್ಬರು ಗಿಡದ ಬಗ್ಗೆ ಕೇಳಿದ್ದಾರೆ, ಏಳೂವರೆಗೆ ಮುಗಿಸುತ್ತೇನೆ’ ಎಂದಿರೋ, ಏಳೂವರೆಗೆ ಮುಗಿಸಿ. ಈಗ ನನ್ನ ಮಗಳು ಗಡಿಯಾರ ತೋರಿಸುವ ಮೊದಲೇ ಏಳಲು ಕಲಿತಿದ್ದೇನೆ. ಹಾಗೆಯೇ ಗುಂಪಿಗೂ ನಿಮ್ಮ ಹೊತ್ತು ತಿಳಿದಿರಲಿ. ಸಂಜೆ ಮಾತ್ರ ಸಿಗುತ್ತೇನೆ ಎಂದರೆ ಯಾರೂ ಬೇಸರಪಡುವುದಿಲ್ಲ, ಸಂಜೆವರೆಗೆ ಕಾಯುತ್ತಾರೆ.

ಅಡ್ಮಿನ್‌ಗಳ ಪಾಡು ಬೇರೆ. ಜಗಳ ಬಿಡಿಸುವುದು, ಜಾಹೀರಾತು ಅಳಿಸುವುದು ಹೊತ್ತು ನೋಡಿ ಬರುವ ಕೆಲಸಗಳಲ್ಲ. ಒಬ್ಬರೇ ಹೊರಬೇಡಿ. ಕನಿಷ್ಠ ಮೂವರಿದ್ದು, ಯಾರ ಪಾಳಿ ಯಾವ ದಿನ ಎಂದು ಹಂಚಿಕೊಳ್ಳಿ. ಪದೇ ಪದೇ ಬರುವ ಪ್ರಶ್ನೆಗಳಿಗೆ ಒಂದು ಸಲ ಚೆನ್ನಾಗಿ ಉತ್ತರ ಬರೆದು ಪಿನ್ ಮಾಡಿ. ರಾತ್ರಿ ಹೊತ್ತು ಅಡ್ಮಿನ್‌ಗಳಷ್ಟೇ ಬರೆಯುವಂತೆ ಗುಂಪನ್ನು ಮುಚ್ಚಿಡಿ. ಟೆಲಿಗ್ರಾಂನಲ್ಲಾದರೆ ಒಬ್ಬರು ಒಂದು ಮೆಸೇಜ್ ಹಾಕಿದ ಮೇಲೆ ಇಷ್ಟು ಹೊತ್ತು ಕಾಯಬೇಕು ಎಂದು ಕಟ್ಟುಹಾಕುವ ‘ಸ್ಲೋ ಮೋಡ್’ ಇದೆ, ಬಿಸಿಯೇರಿದ ಚರ್ಚೆಗೆ ಅದು ಬಹಳ ಒಳ್ಳೆಯದು. ವಿಕಿಪೀಡಿಯ ಸಂಪಾದಕರಲ್ಲಿ ‘ವಿಕಿಬ್ರೇಕ್’ ಎಂಬ ಪದ್ಧತಿ ಇದೆ: ಕೆಲವು ದಿನ ಬರುವುದಿಲ್ಲ ಎಂದು ತಮ್ಮ ಪುಟದಲ್ಲಿ ಫಲಕ ಹಾಕಿ ಹೋಗುತ್ತಾರೆ. ರಜೆ ಹಾಕುವುದಕ್ಕೆ ಯಾರ ಕ್ಷಮೆಯನ್ನೂ ಕೇಳಬೇಕಿಲ್ಲ ಎಂಬುದು ಅಲ್ಲಿ ರೂಢಿಯಾಗಿದೆ. ಎಲ್ಲ ಬಳಗಗಳಲ್ಲೂ ಆಗಬೇಕು.

ಯಾರು ಕಡಿಮೆ ಮಾಡಬಾರದು?

ಇದನ್ನು ಹೇಳದೆ ಲೇಖನ ಮುಗಿಸಲಾರೆ. ವರ್ಷಗಟ್ಟಲೆ ಕಾಯಿಲೆಯವರನ್ನು ನೋಡಿಕೊಳ್ಳುತ್ತಿರುವವರು, ಅಪರೂಪದ ಕಾಯಿಲೆ ಇರುವವರು, ಹತ್ತಿರದವರನ್ನು ಕಳೆದುಕೊಂಡವರು, ಸುತ್ತ ತಮ್ಮಂಥವರು ಒಬ್ಬರೂ ಇಲ್ಲದವರು, ಇವರಿಗೆಲ್ಲ ರಾತ್ರಿ ಮೂರು ಗಂಟೆಗೆ ‘ನನಗೂ ಹೀಗೇ ಆಗಿತ್ತು’ ಎನ್ನುವ ಒಂದು ದನಿ ಆ ಬಳಗದಲ್ಲೇ ಸಿಗುವುದು. ಅವರ ಪಾಲಿಗೆ ಅದು ನಿಜಜೀವನದ ಹೊರಗಿನದಲ್ಲ. ಅಂಥವರು ಮನೆಯಲ್ಲಿದ್ದರೆ ಫೋನ್ ಕಿತ್ತುಕೊಳ್ಳುವ ಮೊದಲು ಅಲ್ಲಿ ಯಾರೊಂದಿಗೆ ಏನು ಮಾತಾಡುತ್ತಾರೆ ಎಂದು ಪಕ್ಕದಲ್ಲಿ ಕೂತು ಕೇಳಿ.

ಇದರ ಇನ್ನೊಂದು ತುದಿಯೂ ಇದೆ. ನಿದ್ದೆ ದಿನವೂ ಕೆಡುತ್ತಿದೆ, ಒಪ್ಪಿಕೊಂಡ ಕೆಲಸಗಳು ತಪ್ಪುತ್ತಿವೆ, ಎಷ್ಟು ಹೊತ್ತು ಅಲ್ಲಿದ್ದೆ ಎಂದು ಮನೆಯವರಿಗೆ ಸುಳ್ಳು ಹೇಳಬೇಕಾಗುತ್ತಿದೆ ಎಂದಾದರೆ ಟೈಮರ್‌ನಿಂದ ಸರಿಹೋಗುವ ಹಂತ ದಾಟಿದೆ. ಆಪ್ತಸಮಾಲೋಚಕರನ್ನೋ ವೈದ್ಯರನ್ನೋ ಕಾಣಿ.

ತಿಂಗಳ ಕೊನೆಗೆ

ಮೊದಲ ವಾರದ ಪುಟವನ್ನು ತೆಗೆದು ಪಕ್ಕದಲ್ಲಿಟ್ಟುಕೊಂಡು ಇನ್ನೊಂದು ವಾರ ಅದೇ ಮೂರು ಪದಗಳನ್ನು ಬರೆಯಿರಿ. ‘ಹೇಳಲು’ ಪೂರ್ತಿ ಇಳಿದಿದ್ದರೆ ನೀವು ವಿಪರೀತ ಬಿಗಿ ಮಾಡಿದ್ದೀರಿ, ಸ್ವಲ್ಪ ಸಡಿಲಿಸಿ. ಇಳಿಯಬೇಕಾದದ್ದು ‘ಸುಮ್ಮನೆ’. ನನ್ನ ಕಳೆದ ವಾರದ ಪುಟದಲ್ಲಿ ಕೇಳಲು 4, ಹೇಳಲು 12, ಸುಮ್ಮನೆ 9. ಆ ಹನ್ನೆರಡರಲ್ಲಿ ಒಂದು ಅದೇ ಗುಲಾಬಿ ಗಿಡದವರಿಗೆ. ಹೊಸ ಚಿಗುರಿನ ಫೋಟೊವನ್ನು ಅವರು ಬೆಳಿಗ್ಗೆಯೇ ಹಾಕಿದ್ದರಂತೆ. ನಾನು ನೋಡಿದ್ದು ಸಂಜೆ 7.10ಕ್ಕೆ, ಮಗಳಿಗೂ ತೋರಿಸಿದೆ.