ಕಣಗಿಲೆ ಸವರುವುದು ಸುಲಭ, ಕಡಿದ ಕೊಂಬೆಗಳ ಬಗ್ಗೆ ಎಚ್ಚರ

ಜಾಸ್ತಿ ನೀರು ಕೇಳುವುದಿಲ್ಲ, ಪೂಜೆಗೆ ಹೂವೂ ಸಿಗುತ್ತದೆ ಅಂತ ಬೆಂಗಳೂರಿನ ಎಷ್ಟೋ ಮನೆಗಳ ಕಾಂಪೌಂಡ್ ಪಕ್ಕ ಕಣಗಿಲೆ ಇರುತ್ತದೆ. ಕೆಲವು ವರ್ಷ ಸುಮ್ನೆ ಬಿಟ್ಟರೆ ಆಳೆತ್ತರ ದಾಟಿ, ಪಕ್ಕದ ಮನೆಗೆ ಬಾಗಿ, ಬುಡವೆಲ್ಲ ಬೋಳಾಗಿ ತುದಿಯಲ್ಲಷ್ಟೇ ಹೂ ಬಿಡುತ್ತದೆ. ಆಗ ಸವರಲೇಬೇಕು.

ಬೇರು, ಎಲೆ, ಹೂವು, ಸೊನೆ ಎಲ್ಲವೂ ವಿಷ. ಇದರಲ್ಲಿರುವ ಒಲಿಯಾಂಡ್ರಿನ್ ಹೃದಯದ ಬಡಿತವನ್ನೇ ಏರುಪೇರು ಮಾಡುತ್ತದೆ. 2024ರ ಮೇ ತಿಂಗಳಲ್ಲಿ ಕೇರಳದ ತಿರುವಾಂಕೂರು ಮತ್ತು ಮಲಬಾರ್ ದೇವಸ್ವಂ ಮಂಡಳಿಗಳು ನೈವೇದ್ಯ, ಪ್ರಸಾದಕ್ಕೆ ಈ ಹೂ ಬಳಸುವುದನ್ನು ನಿಲ್ಲಿಸಿದವು. ಮನೆಯಲ್ಲೂ ಅಷ್ಟೇ, ದೇವರಿಗೆ ಏರಿಸಿ, ನೈವೇದ್ಯದ ತಟ್ಟೆಗೆ ಮಾತ್ರ ತಾಗಿಸಬೇಡಿ.

ಹೂ ಬರುವುದು ಹೊಸ ಚಿಗುರಿನಲ್ಲಿ. ಹಾಗಾಗಿ ಬೇಸಿಗೆಯ ಹೂವು ಇಳಿದ ಮೇಲೆ, ಜೂನ್‌ನಲ್ಲಿ ಮಳೆ ಬಿಡುವು ಕೊಟ್ಟ ದಿನ ಸವರಿ. ತುಂಬು ತೋಳಿನ ಅಂಗಿ, ರಬ್ಬರ್ ಗ್ಲೌಸ್, ಕಣ್ಣಿಗೆ ಕನ್ನಡಕ ಬೇಕು. ಮಕ್ಕಳು, ನಾಯಿ ಒಳಗಿರಲಿ. ಹಳೆಯ ದಪ್ಪ ಕೊಂಬೆಗಳಲ್ಲಿ ಮೂರರಲ್ಲಿ ಒಂದು ಭಾಗವನ್ನು ಮಾತ್ರ ಬುಡದಿಂದ ಗರಗಸದಲ್ಲಿ ಕೊಯ್ಯಿರಿ, ಉಳಿದದ್ದನ್ನು ಮುಂದಿನ ಎರಡು ವರ್ಷಕ್ಕೆ ಹಂಚಿಕೊಂಡರೆ ಗಿಡ ಬೋಳು ಕಾಣದೆ ಹೊಸದಾಗುತ್ತದೆ. ಉಳಿಸಿದ ಕೊಂಬೆಗಳ ತುದಿಯನ್ನು ಎಲೆ ಹುಟ್ಟುವ ಗಿಣ್ಣಿನ ಸ್ವಲ್ಪ ಮೇಲೆ ಕತ್ತರಿಸಿ, ಅಲ್ಲಿಂದ ಕವಲು ಒಡೆಯುತ್ತದೆ. ಎಲೆಯಡಿ ಬೆಳ್ಳಿಯಂತೆ ಹೊಳೆಯುವ ಗೂಡು ನೇತಾಡುತ್ತಿದ್ದರೆ ಆ ಕೊಂಬೆಯನ್ನು ಸ್ವಲ್ಪ ದಿನ ಬಿಡಿ, ಅದರೊಳಗೆ ಚಿಟ್ಟೆ ಇದೆ.

ಈಗ ನಿಜವಾದ ಕೆಲಸ. ಹಸಿ ಎಲೆ ಕಹಿ, ದನ ಸಾಮಾನ್ಯವಾಗಿ ಮುಟ್ಟುವುದಿಲ್ಲ. ಒಣಗಿದ ಮೇಲೆ ತಿಂದುಬಿಡುತ್ತದೆ, ವಿಷ ಮಾತ್ರ ಹಾಗೇ ಇರುತ್ತದೆ. ನಮ್ಮೂರಿನಲ್ಲಿ ಕಡಿದದ್ದನ್ನು ಪಕ್ಕದ ಖಾಲಿ ಸೈಟಿಗೆ ಎಸೆಯುವ ಅಭ್ಯಾಸ ಇದೆಯಲ್ವಾ, ಅಲ್ಲೇ ಹಸುಗಳೂ ಮೇಯುತ್ತವೆ, ದಯವಿಟ್ಟು ಅದೊಂದನ್ನು ಮಾಡಬೇಡಿ. ಸುಡಲೂಬೇಡಿ, ಹೊಗೆಯೂ ವಿಷ. ಬಚ್ಚಲೊಲೆಗೆ, ಚಳಿ ಕಾಯಿಸುವ ಬೆಂಕಿಗೆ ಇದರ ಕಟ್ಟಿಗೆ ಬೇಡವೇ ಬೇಡ. ಅಡುಗೆಮನೆಯ ಗೊಬ್ಬರದ ಡಬ್ಬಕ್ಕೂ ಹಾಕಬೇಡಿ. ಚಿಕ್ಕದಾಗಿ ಕತ್ತರಿಸಿ, ಚೀಲದಲ್ಲಿ ಬಿಗಿಯಾಗಿ ಕಟ್ಟಿ, ಗಿಡದ ಕಸ ಒಯ್ಯುವವರಿಗೆ ಇದು ಕಣಗಿಲೆ ಅಂತ ಹೇಳಿಯೇ ಕೊಡಿ. ಅವರು ಬರಿಗೈಯಲ್ಲಿ ಮುಟ್ಟುತ್ತಾರೆ, ಅವರಿಗೆ ಗೊತ್ತಿರಬೇಕು. ಉದುರಿದ ಎಲೆಗಳನ್ನೂ ಗುಡಿಸಿ ಅದೇ ಚೀಲಕ್ಕೆ ತುಂಬಿ.

ಕತ್ತರಿ, ಗರಗಸ, ಕೈ ಎಲ್ಲವನ್ನೂ ಸೋಪು ಹಾಕಿ ತೊಳೆಯಿರಿ, ಬಟ್ಟೆಯನ್ನು ಬೇರೆಯಾಗಿ ಒಗೆಯಿರಿ. ಸೊನೆ ಕಣ್ಣಿಗೆ ಸಿಡಿದರೆ 15 ನಿಮಿಷ ನಲ್ಲಿ ನೀರಿನಲ್ಲಿ ತೊಳೆದು ಡಾಕ್ಟರಿಗೆ ತೋರಿಸಿ. ಯಾರಾದರೂ ಎಲೆ, ಹೂ ಅಗಿದಿದ್ದರೆ ವಾಂತಿ, ಹೊಟ್ಟೆನೋವು, ತಲೆಸುತ್ತು ಬರಲಿ ಅಂತ ಕಾಯಬೇಡಿ, ನೀವೇ ವಾಂತಿ ಮಾಡಿಸಲೂ ಹೋಗಬೇಡಿ. 108ಕ್ಕೆ ಫೋನ್ ಮಾಡಿ, ಡಾಕ್ಟರಿಗೆ ತೋರಿಸಲು ಒಂದು ಎಲೆಯನ್ನು ಕವರಿನಲ್ಲಿ ಹಾಕಿಕೊಂಡು ಹೊರಡಿ.