ಸರ್ವರ್‌ನಲ್ಲಿರುವ ಕಡತಗಳಿಗೆ ಬೀಗ ಹಾಕುವ ಕ್ರಮ

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಸುವ ಘಟಕವೊಂದರ ಜಾಲತಾಣವನ್ನು ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂದ ದಿನ, ಚಿತ್ರವೊಂದರ ವಿಳಾಸದ ಕೊನೆಯಲ್ಲಿದ್ದ ಹೆಸರನ್ನು ಅಳಿಸಿ ಎಂಟರ್ ಒತ್ತಿದೆ. ಇಡೀ ಫೋಲ್ಡರ್ ತೆರೆದುಕೊಂಡಿತು. ಪ್ಯಾಂಟುಗಳ ಚಿತ್ರಗಳ ನಡುವೆಯೇ ಸಗಟು ದರಪಟ್ಟಿಯೂ ಹೊಲಿಗೆಯವರ ಬ್ಯಾಂಕ್ ಖಾತೆ ಸಂಖ್ಯೆಗಳಿದ್ದ ಎಕ್ಸೆಲ್ ಕಡತವೂ ಇದ್ದವು. ಎಲ್ಲಿಯೂ ಕೊಂಡಿ ಕೊಟ್ಟಿಲ್ಲವಾದ್ದರಿಂದ ಅವು ಯಾರಿಗೂ ಸಿಗುವುದಿಲ್ಲವೆಂದು ಹಿಂದಿನವರು ನಂಬಿದ್ದರು. ನಿಮ್ಮ ತಾಣವನ್ನೂ ಮೊದಲು ಹೀಗೆಯೇ ಪರೀಕ್ಷಿಸಿ. ಮುಂದಿನ ವಿವರಣೆ ಲಿನಕ್ಸ್ ಮೇಲೆ ಓಡುವ, ಜಾಲಪುಟಗಳನ್ನು ಒದಗಿಸುವ ತಂತ್ರಾಂಶವಾದ ಅಪಾಚೆ ಸರ್ವರ್‌ಗೆ ಸಂಬಂಧಿಸಿದ್ದು. ಅಂಥದ್ದೇ ಇನ್ನೊಂದು ತಂತ್ರಾಂಶವಾದ ಎಂಜಿನ್‌ಎಕ್ಸ್‌ನಲ್ಲಿ ನಿಯಮ ಬರೆಯುವ ರೀತಿ ಬೇರೆ.

ಲಿನಕ್ಸ್‌ನಲ್ಲಿ ಒಡೆಯ, ಗುಂಪು, ಇತರರು ಎಂಬ ಮೂವರಿಗೆ ಪ್ರತ್ಯೇಕ ಅನುಮತಿ ಇರುತ್ತದೆ. ಓದಲು 4, ಬರೆಯಲು 2, ಚಲಾಯಿಸಲು 1. ಒಬ್ಬೊಬ್ಬರಿಗೂ ಇವನ್ನು ಬೇರೆಬೇರೆ ಕೂಡಿಸಿ ಬರುವ ಮೂರು ಅಂಕಿಗಳನ್ನು, ಅನುಮತಿ ಬದಲಿಸುವ ಸಿಎಚ್‌ಮಾಡ್ ಆಜ್ಞೆಗೆ ಕೊಡಬೇಕು. ಕಡತಕ್ಕೆ 644, ಫೋಲ್ಡರಿಗೆ 755 ಸಾಮಾನ್ಯವಾಗಿ ಸಾಕು. ಫೋಲ್ಡರಿನ ಮಟ್ಟಿಗೆ 1 ಎಂದರೆ ಒಳಗೆ ಹೋಗುವ ಅನುಮತಿ. ಆದ್ದರಿಂದ ಅದಕ್ಕೂ 644 ಕೊಟ್ಟರೆ ಸರ್ವರ್ ಒಳಗೆ ಹೋಗಲಾಗದೆ 403, ಅಂದರೆ ‘ಪ್ರವೇಶವಿಲ್ಲ’ ಎಂಬ ದೋಷ ತೋರಿಸುತ್ತದೆ. ಅಪ್‌ಲೋಡ್ ಆಗುತ್ತಿಲ್ಲವೆಂದ ಕೂಡಲೇ 777 ಕೊಡುವ ಚಾಳಿಯನ್ನು ಮಾತ್ರ ಬಿಡಿ: ಆ ಯಂತ್ರದಲ್ಲಿ ಖಾತೆಯಿರುವ ಯಾರು ಬೇಕಾದರೂ ಅಲ್ಲಿ ಬರೆಯಬಹುದು. ಅಪ್‌ಲೋಡ್ ಫೋಲ್ಡರಿನ ಒಡೆತನವನ್ನಷ್ಟೇ ಸಿಎಚ್‌ಓನ್ ಆಜ್ಞೆಯಿಂದ ಸರ್ವರ್‌ನ ಬಳಕೆದಾರನಿಗೆ, ಅಂದರೆ ಅಪಾಚೆ ಓಡುವ ಖಾತೆಗೆ, ವಹಿಸಿದರೆ ಕೆಲಸ ನಡೆಯುತ್ತದೆ.

ಆದರೆ ಈ ಅಂಕಿಗಳು ತಾಣಕ್ಕೆ ಬರುವವರಲ್ಲಿ ಇವರು ನಮ್ಮವರು, ಇವರು ಹೊರಗಿನವರು ಎಂದು ಗುರುತಿಸಲಾರವು. ಸಿರುಗುಪ್ಪದ ವ್ಯಾಪಾರಿ ಕೇಳಿದರೂ ಅಪರಿಚಿತ ಕೇಳಿದರೂ ಕಡತವನ್ನು ಓದಿ ಕೊಡುವುದು ಸರ್ವರ್‌ನ ಅದೇ ಬಳಕೆದಾರ. ಆ ವಿಂಗಡಣೆಗೆ ಅಪಾಚೆಯ ನಿಯಮಗಳೇ ಬೇಕು. ಫೋಲ್ಡರಿನಲ್ಲಿ ‘.ಎಚ್‌ಟಿಆಕ್ಸೆಸ್’ ಕಡತವನ್ನಿಟ್ಟು ‘ಆಪ್ಷನ್ಸ್ -ಇಂಡೆಕ್ಸಸ್’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ ಪಟ್ಟಿ ಕಾಣುವುದು ನಿಲ್ಲುತ್ತದೆ. ಆದರೆ ಹೆಸರು ಗೊತ್ತಿದ್ದವರಿಗೆ ಕಡತ ಇನ್ನೂ ಸಿಗುತ್ತದೆ. ಪೂರ್ತಿ ಮುಚ್ಚಲು ‘ರಿಕ್ವೈರ್ ಆಲ್ ಡಿನೈಡ್’ ಎಂಬ ಸಾಲು ಬೇಕು, ಇದು 2.4ನೇ ಆವೃತ್ತಿಯಿಂದ ಬಂದ ಕ್ರಮ. ಮುಖ್ಯ ಸಂರಚನೆಯಲ್ಲಿ ‘ಅಲೌಓವರ್‌ರೈಡ್ ನನ್’ ಎಂದಿದ್ದರೆ ಅಪಾಚೆ ಈ ಕಡತವನ್ನು ಓದುವುದೇ ಇಲ್ಲ, ಓದಲಿಲ್ಲವೆಂದು ಹೇಳುವುದೂ ಇಲ್ಲ. ನನ್ನ ಒಂದು ಮಧ್ಯಾಹ್ನ ಇದರಲ್ಲೇ ಕಳೆಯಿತು.

ದರಪಟ್ಟಿ ಖಾಯಂ ಗಿರಾಕಿಗಳಿಗೆ ಬೇಕಾದ್ದರಿಂದ ಅದಕ್ಕೆ ಎಚ್‌ಟಿಪಾಸ್‌ಡಬ್ಲ್ಯೂಡಿ (htpasswd) ಆಜ್ಞೆಯಿಂದ ಗುಪ್ತಪದ ಇಟ್ಟೆ. ಗುಪ್ತಪದಗಳ ಕಡತ ತಾಣದ ಫೋಲ್ಡರಿನ ಹೊರಗಿರಬೇಕು, ತಾಣಕ್ಕೆ ಎಚ್‌ಟಿಟಿಪಿಎಸ್, ಅಂದರೆ ಗೂಢಲಿಪಿಯ ಸಂಪರ್ಕ, ಇರಲೇಬೇಕು. ಇಲ್ಲವಾದರೆ ಗುಪ್ತಪದವು ಬೇಸ್64 ರೂಪದಲ್ಲಿ, ಅಂದರೆ ಬಹುಮಟ್ಟಿಗೆ ಬತ್ತಲೆಯಾಗಿಯೇ, ಜಾಲದಲ್ಲಿ ಸಾಗುತ್ತದೆ.

ಎಕ್ಸೆಲ್ ಕಡತಕ್ಕೆ ನಾನು ಯಾವ ನಿಯಮವನ್ನೂ ಬರೆಯಲಿಲ್ಲ. ಅದನ್ನು ಸರ್ವರ್‌ನಿಂದಲೇ ತೆಗೆದು ಲೆಕ್ಕ ಬರೆಯುವವರ ಕಂಪ್ಯೂಟರಿಗೆ ಸಾಗಿಸಿ, ಮೊಬೈಲಿನಿಂದ ಹಳೆಯ ವಿಳಾಸವನ್ನು ಒತ್ತಿ ನೋಡಿದೆ: 404, ಅಂದರೆ ಅಂಥ ಕಡತವೇ ಇಲ್ಲ.