ಹಳೆಯ ಲೇತ್ ನೋಡಲು ಹೋದಾಗ ನಾನು ಪರೀಕ್ಷಿಸುವುದು

ಎರಡನೇ ಲೇತ್ (ಲೋಹವನ್ನು ತಿರುಗಿಸಿ ಕಡೆಯುವ ಯಂತ್ರ) ನೋಡಲು ಹೋದಾಗ ಚೀಲದಲ್ಲಿ ಸೂಕ್ಷ್ಮ ಅಲುಗಾಟ ಅಳೆಯಲು ಮ್ಯಾಗ್ನೆಟಿಕ್ ಸ್ಟ್ಯಾಂಡಿನ ಡಯಲ್ ಗೇಜ್, ಒಂದು ನೇರ ಉಕ್ಕಿನ ಸರಳು, ಟಾರ್ಚು, ಅಲೆನ್ ಕೀಗಳು ಮತ್ತು ಹಳೆ ಬಟ್ಟೆ ಇದ್ದವು. ಮೊದಲನೆಯದಕ್ಕೆ ಬರಿಗೈಲಿ ಹೋಗಿದ್ದೆ. ಹೊಸದಾಗಿ ಹಸಿರು ಬಣ್ಣ ಬಳಿದಿದ್ದ ಆ ಯಂತ್ರ ಸದ್ದಿಲ್ಲದೆ ತಿರುಗಿತು, ನಾನು ಅಲ್ಲೇ ದುಡ್ಡು ಕೊಟ್ಟುಬಿಟ್ಟೆ. ಮನೆಯಲ್ಲಿ ಕೆಲಸಕ್ಕೆ ಕೂತರೆ ಏನೇ ಕಡೆದರೂ, ಸರಳನ್ನು ಕಚ್ಚಿ ಹಿಡಿಯುವ ಚಕ್ಕಿನ ಕಡೆ ದಪ್ಪ. ಬೆಡ್ (ಯಂತ್ರದ ಉದ್ದನೆಯ ತಳಹಾಸು) ಅಲ್ಲೇ ಸವೆದು, ಟೂಲು ಹೊತ್ತು ಅದರ ಮೇಲೆ ಓಡಾಡುವ ಕ್ಯಾರೇಜ್ ಕುಸಿದು, ಟೂಲು ಸರಳಿನಿಂದ ಹಿಂದೆ ಸರಿಯುತ್ತಿತ್ತು.

ಲೇತ್ ಎಲ್ಲ ಕಡೆ ಒಂದೇ ಸಮ ಸವೆಯುವುದಿಲ್ಲ. ಮುಕ್ಕಾಲು ಕೆಲಸ ಚಕ್ಕಿನಿಂದ ಒಂದು ಗೇಣಿನೊಳಗೆ ನಡೆಯುತ್ತದೆ. ಎದುರು ತುದಿಯಲ್ಲಿ ಸರಳಿಗೆ ಆಸರೆ ಕೊಡುವ ಟೈಲ್‌ಸ್ಟಾಕ್ ಕಡೆಯ ಬೆಡ್ ಎಷ್ಟೋ ವರ್ಷ ಕಳೆದರೂ ಹೊಸದರಂತೆ ಉಳಿದಿರುತ್ತದೆ. ಹಾಗಾಗಿ ಮಾರುವವರನ್ನು ಕೇಳಿಕೊಂಡು ಮೊದಲು ಕ್ಯಾರೇಜನ್ನು ಚಕ್ಕಿನ ಬಳಿಗೆ ತರುತ್ತೇನೆ. ಅಲ್ಲಿ ಅಲುಗಾಟ ಹೋಗುವಷ್ಟು ಮಾತ್ರ ಗಿಬ್ (ಸಡಿಲ ಹೊಂದಿಸುವ ಪಟ್ಟಿ) ಬಿಗಿ ಮಾಡಿ, ನಿಧಾನವಾಗಿ ಟೈಲ್‌ಸ್ಟಾಕ್ ಕಡೆಗೆ ನಡೆಸುತ್ತೇನೆ. ಕೈಗೆ ಒಂದೇ ಹದ ಸಿಕ್ಕರೆ ಬೆಡ್ ಚೆನ್ನಾಗಿದೆ. ಅರ್ಧ ದಾರಿಯಲ್ಲೇ ಕಚ್ಚಿ ನಿಂತರೆ ಸವೆತ ಆಳವಾಗಿದೆ, ನಾನು ವಾಪಸ್ ಬರುತ್ತೇನೆ. ಗಿಬ್ ಇಲ್ಲದ, ವಿ ಆಕಾರದ ಏಣುಗಳಿರುವ ಬೆಡ್ಡಿನಲ್ಲಿ ಉಗುರು ಸಾಕು: ಕ್ಯಾರೇಜ್ ಮುಟ್ಟದ ಜಾಗದಿಂದ ಓಡಾಡುವ ಜಾಗಕ್ಕೆ ಉಗುರು ಎಳೆದಾಗ ಮೆಟ್ಟಿಲು ತಾಗುತ್ತದೆಯೇ ನೋಡುತ್ತೇನೆ.

ಆಮೇಲೆ ಚಕ್ಕನ್ನು ತಿರುಗಿಸುವ ದಂಡ, ಅಂದರೆ ಸ್ಪಿಂಡಲ್. ಚಕ್ಕಿಗೆ ಸರಳು ಕಚ್ಚಿಸಿ, ಗೇಜಿನ ಮೊನೆಯನ್ನು ಚಕ್ಕಿನ ಮೇಲಲ್ಲ, ಸ್ಪಿಂಡಲ್ ಮೂಗಿನ ಮೇಲೇ ಇಟ್ಟು ಸರಳನ್ನು ಮೇಲಕ್ಕೆತ್ತುತ್ತೇನೆ. ಮುಳ್ಳು ಮಿಲಿಮೀಟರಿನ ನೂರರಲ್ಲಿ ಎರಡು ಮೂರು ಪಾಲು ಅಲುಗಿದರೆ ಹೆದರುವುದಿಲ್ಲ. ಸಾಕಷ್ಟು ಬೇರಿಂಗುಗಳಲ್ಲಿ ಬಿಗಿ ಮಾಡಲು ಅವಕಾಶವಿರುತ್ತದೆ. 1946ರಲ್ಲಿ ಇಂಗ್ಲೆಂಡಿನಲ್ಲಿ ಬಂದ ಮೈಫೋರ್ಡ್ ಎಂಎಲ್7 ಲೇತಿನ ವೈಟ್ ಮೆಟಲ್ (ಮೆತ್ತನೆಯ ಮಿಶ್ರಲೋಹ) ಬೇರಿಂಗಿನಲ್ಲಿ ಷಿಮ್ ಎಂಬ ತೆಳು ತಗಡಿನ ಪದರಗಳನ್ನು ಕಿತ್ತು ಸಡಿಲ ಕಡಿಮೆ ಮಾಡಬಹುದು. ಕೈಯಲ್ಲಿ ತಿರುಗಿಸುವಾಗ ಗರಗರ ಅಂದರೆ ಮಾತ್ರ ಚಿಂತೆ.

ಹ್ಯಾಂಡಲ್ ಕಾಲು ಸುತ್ತು ತಿರುಗಿದರೂ ಸ್ಲೈಡ್ ಕದಲದಿರುವುದನ್ನು ಕಂಡು ಹೊಸಬರು ಗಾಬರಿಯಾಗುತ್ತಾರೆ. ಆ ಬ್ಯಾಕ್‌ಲ್ಯಾಶ್ ನನಗೆ ಸಣ್ಣ ವಿಷಯ. ಹಿತ್ತಾಳೆಯ ನಟ್ ಬದಲಿಸಿದರೆ ಬಹುಪಾಲು ಹೋಗುತ್ತದೆ. ಮೇಲ್ಮೈ ತುಕ್ಕೂ ಅಷ್ಟೇ. ಆದರೆ ಬೀಡುಕಬ್ಬಿಣ ಒಡೆದಿದ್ದರೆ ಬೇರೆ ಮಾತು. ಮಿಲ್ಲಿಂಗ್ ಯಂತ್ರವಾದರೆ (ತಿರುಗುವ ಕಟರಿನಡಿ ಕೆಲಸ ಹೊತ್ತ ಟೇಬಲ್ ಓಡುವ ಯಂತ್ರ) ಟೇಬಲ್ಲಿನ ಟಿ-ಸ್ಲಾಟ್ ಅಂಚುಗಳು, ಲೇತಾದರೆ ಸ್ಪಿಂಡಲ್ ಹೊತ್ತ ಹೆಡ್‌ಸ್ಟಾಕಿನ ಬೋಲ್ಟ್ ಕಿವಿಗಳ ಮೇಲೆ ಟಾರ್ಚ್ ಓರೆಯಾಗಿ ಹಿಡಿದು ನೋಡುತ್ತೇನೆ. ಬಣ್ಣದಡಿ ಹಳದಿ ಗೆರೆ ಇಣುಕಿದರೆ ಅಲ್ಲಿ ಬ್ರೇಜಿಂಗ್ ಆಗಿದೆ, ಅಂದರೆ ಒಡೆದದ್ದನ್ನು ಹಿತ್ತಾಳೆ ಕರಗಿಸಿ ಬೆಸೆದಿದ್ದಾರೆ. ಮಿಲ್ಲಿಂಗಿನಲ್ಲಿ ಸವೆತ ಟೇಬಲ್ಲಿನ ನಡುಭಾಗದಲ್ಲಿ, ಆದ್ದರಿಂದ ನಡುವೆ ಬಿಗಿ ಮಾಡಿ ಎರಡೂ ತುದಿಗೆ ನಡೆಸಬೇಕು.

ಯಂತ್ರಕ್ಕಿಂತ ಅದರ ಜೊತೆ ಬರುವ ಸಾಮಾನುಗಳ ಬಗ್ಗೆ ನಾನು ಹೆಚ್ಚು ಚೌಕಾಶಿ ಮಾಡುತ್ತೇನೆ. ನಾಲ್ಕು ದವಡೆಯ ಫೋರ್-ಜಾ ಚಕ್, ಕೆಲಸವನ್ನು ಬೋಲ್ಟ್ ಮಾಡಿ ಹಿಡಿಸುವ ಫೇಸ್ ಪ್ಲೇಟ್, ಉದ್ದ ಸರಳಿಗೆ ಆಸರೆಯಾಗುವ ಸ್ಟೆಡಿ, ಚಕ್ಕಿನ ಎರಡನೇ ಜೊತೆ ದವಡೆ, ಥ್ರೆಡ್ಡಿನ ಅಳತೆ ಬದಲಿಸುವ ಚೇಂಜ್ ಗಿಯರುಗಳು. ಇವನ್ನು ಬಿಡಿಯಾಗಿ ಹುಡುಕುತ್ತ ಹೋದರೆ ಲೇತಿಗೆ ಕೊಟ್ಟಷ್ಟೇ ಖರ್ಚಾಗಬಹುದು. ಥ್ರೆಡ್ ಕಡೆಯುವಾಗ ಕ್ಯಾರೇಜನ್ನು ಎಳೆಯುವ ಲೀಡ್ ಸ್ಕ್ರೂ ಇಂಚಿನದಾಗಿದ್ದರೆ 127 ಹಲ್ಲಿನ ಗಿಯರ್ ಇದೆಯೇ ಎಂದು ಕೇಳುತ್ತೇನೆ. ಒಂದು ಇಂಚು 25.4 ಮಿಲಿಮೀಟರು, ಅದರ ಐದರಷ್ಟು 127. ಮೆಟ್ರಿಕ್ ಥ್ರೆಡ್ ಕರಾರುವಾಕ್ಕಾಗಿ ಬರುವುದು ಆ ಗಿಯರಿನಿಂದ. ಮೋಟರ್ ತ್ರೀ ಫೇಸ್ ಎಂದು ಯಂತ್ರ ಬಿಡಬೇಕಿಲ್ಲ. ಪ್ಲೇಟಿನ ಮೇಲೆ 230/400 ಎಂದಿದ್ದರೆ ಡೆಲ್ಟಾದಲ್ಲಿ (ಮೋಟರಿನ ಸುರುಳಿಗಳನ್ನು ತ್ರಿಕೋನವಾಗಿ) ಜೋಡಿಸಿ, 230 ವೋಲ್ಟಿನ ಸಿಂಗಲ್ ಫೇಸಿಗೆ ಹಾಕಿ ತ್ರೀ ಫೇಸ್ ಪಡೆಯುವ ಸಾಧನವಾದ ವಿಎಫ್‌ಡಿಯಿಂದ ಓಡಿಸಬಹುದು.

ಆ ಎರಡನೇ ಲೇತ್ ಗಟ್ಟಿ ಎಣ್ಣೆ, ಕಬ್ಬಿಣದ ಸಿಪ್ಪೆಯಲ್ಲಿ ಮುಚ್ಚಿಹೋಗಿತ್ತು, ಆದರೆ ಕ್ಯಾರೇಜ್ ಕೊನೆಯವರೆಗೂ ಒಂದೇ ಹದದಲ್ಲಿ ಸಾಗಿತು. ಚಕ್, ಟೈಲ್‌ಸ್ಟಾಕ್, ಮೋಟರ್ ಬಿಚ್ಚಿ ಸಾಗಿಸಿದೆವು. ಭಾರವೆಲ್ಲ ಮೇಲಿರುವುದರಿಂದ ಹಾಗೇ ಎತ್ತಿದರೆ ಮಗುಚುತ್ತದೆ. ಸೀಮೆಎಣ್ಣೆಯಲ್ಲಿ ತೊಳೆದು ಬೆಂಚಿಗೆ ಕೂರಿಸಿ, ಚಕ್ಕಿನಿಂದ 100 ಮಿಲಿಮೀಟರು ಹೊರಚಾಚಿದ ದಪ್ಪ ಸರಳನ್ನು ಟೈಲ್‌ಸ್ಟಾಕ್ ಆಸರೆಯಿಲ್ಲದೆ ಹಗುರವಾಗಿ ಕಡೆದೆ. ಎರಡು ತುದಿಗಳ ನಡುವೆ 0.05 ಮಿಲಿಮೀಟರು ವ್ಯತ್ಯಾಸ ಬಂತು, ಎದೆ ಧಸಕ್ಕೆಂದಿತು. ಆದರೆ ಈ ಸಲ ದೋಷ ಬೆಡ್ಡಿನದಾಗಿರಲಿಲ್ಲ, ಬೋಲ್ಟ್ ಬಿಗಿಯುವಾಗ ನಾನೇ ಅದನ್ನು ತಿರುಚಿದ್ದೆ. ಟೈಲ್‌ಸ್ಟಾಕ್ ಕಡೆಯ ಒಂದು ಕಾಲಿನಡಿ ತೆಳು ತಗಡು ತೂರಿಸಿ ಮತ್ತೆ ಕಡೆದೆ, ಮತ್ತೊಮ್ಮೆ ಹೊಂದಿಸಿದೆ. ಮೂರನೇ ಸಲಕ್ಕೆ ವ್ಯತ್ಯಾಸ 0.01ಕ್ಕೆ ಇಳಿಯಿತು. ಆ ತಗಡು ಇವತ್ತಿಗೂ ಅಲ್ಲೇ ಇದೆ.